ನನ್ನ ಅಂಗಿಯೂ ನಾದಿನಿಯ ಕಲಾಶಿಕ್ಷಣವೂ

ಮೊದಲು ನನಗಾದ ಅನ್ಯಾಯವನ್ನು ಹೇಳಿಬಿಡುತ್ತೇನೆ. ನನ್ನ ಅಂಗಿಯೊಂದನ್ನು ನನ್ನ ಒಪ್ಪಿಗೆ ಪಡೆಯದೆ, ನನಗೊಂದು ಮಾತೂ ತಿಳಿಸದೆ, ತೆರಕಣಾಂಬಿಯ ಶಾಲೆಯೊಂದರ ಗೋಡೆಗೆ ತೂಗುಹಾಕಿ ಊರ ಜನರಿಗೆಲ್ಲ ತೋರಿಸಲಾಯಿತು. ಶುಭ್ರವಾದ ಅಂಗಿಯಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಎದೆಯ ಮೇಲೆ ಅಂಗೈಯಗಲ ಕಲೆಯಿದ್ದ ಅಂಗಿ! ಸೇವೆಯ ಉದ್ದಕ್ಕೂ ಬಿಳಿಯಲ್ಲದೆ ಬೇರೆ ತೊಡದ, ಆ ಬಿಳಿಯ ಮೇಲೆ ಶಾಯಿಯ ಒಂದು ಚುಕ್ಕೆಯನ್ನೂ ಸಹಿಸದ ನನ್ನಂಥವನ ಅಂಗಿ! ಇದನ್ನು ಮಾಡಿದವಳು ಹಗೆಯಲ್ಲ, ನೆರೆಯವಳೂ ಅಲ್ಲ. ನನ್ನ ಹೆಂಡತಿಯ ಒಡಹುಟ್ಟಿದ ತಂಗಿ.

ಆಕೆಗೆ ಹುಚ್ಚು ಎಂದು ನಾನು ಎಲ್ಲಿಯೂ ಹೇಳಿದವನಲ್ಲ. ಹುಚ್ಚಿಗಾದರೆ ಮದ್ದುಂಟು. ಆಕೆಗೆ ಬಂದಿದ್ದು ವಿದ್ಯೆ. ಅದು ಐವತ್ತು ದಾಟಿದ ಮೇಲೆ ಬಂದಿತು. ದಡಾರದ ಹಾಗೆಯೇ ವಿದ್ಯೆಯೂ. ಎಳೆಯ ವಯಸ್ಸಿನಲ್ಲಿ ಬಂದು ಹೋದರೆ ವಾಸಿ, ತಡವಾಗಿ ಬಂದರೆ ಮೈಯೆಲ್ಲ ಹರಡುತ್ತದೆ.

ನನ್ನ ವಿಷಯವಾಗಿ ಎರಡು ಮಾತು. ನಾನು ಭೂಮಾಪನದ ಕೆಲಸದಲ್ಲಿದ್ದು ನಿವೃತ್ತನಾದವನು. ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯ ಹೊಲಗಳಲ್ಲಿ ಸರಪಳಿ ಎಳೆಸಿ, ಕಳೆದುಹೋದ ಗಡಿಕಲ್ಲುಗಳನ್ನು ಹುಡುಕಿ ತಲೆ ನರೆಸಿಕೊಂಡವನು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಬದು ತಾನಾಗಿ ನಡೆದುಹೋಗುವುದಿಲ್ಲ, ಯಾರೋ ತಳ್ಳಿರುತ್ತಾರೆ. ಆದ್ದರಿಂದ ಯಾರಾದರೂ ಕಾರಣವಿಲ್ಲದೆ ನಕ್ಕರೂ, ಕಾರಣವಿಲ್ಲದೆ ನನ್ನ ಆರೋಗ್ಯ ವಿಚಾರಿಸಿದರೂ, ಬದು ಎಷ್ಟು ಒಳಕ್ಕೆ ಬಂದಿದೆ ಎಂದು ಮೊದಲು ನೋಡುವುದು ನನ್ನ ಅಭ್ಯಾಸ. ಇದನ್ನು ಅನುಮಾನ ಎನ್ನುವವರಿದ್ದಾರೆ. ನಾನು ಜಾಗರೂಕತೆ ಎನ್ನುತ್ತೇನೆ.

ಆ ಭಾನುವಾರ ನಾದಿನಿ ಚಾಮರಾಜನಗರದಿಂದ ಬಸ್ಸಿನಲ್ಲಿ ಬಂದಿಳಿದು, ಗುಂಡ್ಲುಪೇಟೆಯ ನಮ್ಮ ಮನೆಯ ಹೊಸ್ತಿಲು ದಾಟುವ ಮೊದಲೇ ಘೋಷಿಸಿದಳು.

“ಭಾವಾ, ಕೆಲ್ಸ ಬುಟ್ಬುಟ್ಟೆ!”

ರೇಷ್ಮೆಗೂಡಿನ ಮಾರುಕಟ್ಟೆಯ ಕಚೇರಿಯಲ್ಲಿ ಆಕೆಗೆ ಭದ್ರವಾದ ಉದ್ಯೋಗವಿತ್ತು.

“ಯಾರು ಬಿಡಿಸಿದ್ರು?” ಎಂದೆ.

“ಯಾರೂ ಬುಡಿಸ್ನಿಲ್ಲ, ನಾನೇ ಬುಟ್ಟೆ. ಮೈಸೂರ್ಲಿ ಓದಕ್ಕೆ ಸೇರ್ಕಂಡಿವ್ನಿ. ಕಲಾ ಶಿಕ್ಷಣ. ಎರಡ್ವರ್ಷ.”

“ಅಂದ್ರೆ ಡ್ರಾಯಿಂಗ್ ಮೇಷ್ಟ್ರ ಓದು.”

“ಅಲ್ಲ ಭಾವ. ಡ್ರಾಯಿಂಗ್ ಮೇಷ್ಟ್ರು ಬರೆಯಾದು ಕಲಿಸ್ತರೆ. ನಾವು ನೋಡಾದು ಕಲಿಸ್ತೀವಿ. ಸ್ಕೂಲ್ಲಿ, ಮ್ಯೂಸಿಯಮ್ಮಲ್ಲಿ, ಊರೊಳಗೆ, ಎಲ್ಲ ಕಡೆ.”

“ಕಣ್ಣಿರೋರಿಗೆ ನೋಡೋದು ಕಲಿಸಬೇಕಾ?”

“ಅದಕ್ಕೇ ಎರಡ್ವರ್ಷ ಬೇಕು ಅಂದಿರಾದು!”

ಹೀಗೆಂದು ನಕ್ಕು ಒಳಗೆ ಹೋದವಳು, ಹೋಗುವಾಗ ನಮ್ಮ ಮುಂದಿನ ಕೊಠಡಿಯ ಉದ್ದಗಲಗಳನ್ನು ಒಮ್ಮೆ ಕಣ್ಣಿನಲ್ಲೇ ಅಳೆದಳು. ಅಳೆಯುವ ಕಣ್ಣು ನನಗೆ ಗೊತ್ತಾಗುವುದಿಲ್ಲವೇ? ಯಾವನೋ ಆಕೆಗೆ ಮೋಸಮಾಡಿ ಓದಿಗೆ ಸೇರಿಸಿಕೊಂಡಿರಬೇಕು, ಇಲ್ಲವೇ ಆಕೆಯೇ ನಮ್ಮ ಕೊಠಡಿಯನ್ನು ಶಾಲೆ ಮಾಡಲು ಹೊರಟಿರಬೇಕು ಎಂದು ಆ ಕ್ಷಣವೇ ತೀರ್ಮಾನಿಸಿದೆ. ನನ್ನ ಷಡ್ಡಕನಿಗೆ, ಅಂದರೆ ಆಕೆಯ ಗಂಡನಿಗೆ, ಫೋನು ಮಾಡಿ ಎಚ್ಚರಿಸಿದೆ. ಆತ ಸಾಧು.

“ಓದ್ಲಿ ಬುಡಿ ಅಣ್ಣ,” ಎಂದ. “ದಿನಾ ಕ್ಲಾಸ್ಗೋದ್ರೆ ಮನೇಲಿ ನನ್ನ ಪ್ರಶ್ನೆ ಕೇಳಾದಾದ್ರೂ ಕಮ್ಮಿ ಆಯ್ತದೆ.”

ಪಾಪ! ಆ ಓದೆಂದರೆ ಪ್ರಶ್ನೆ ಕೇಳುವುದನ್ನು ಕಲಿಸುವ ಓದೆಂದು ಅವನಿಗಾಗಲಿ ನನಗಾಗಲಿ ಆಗ ತಿಳಿದಿರಲಿಲ್ಲ.

ಅವರ ತರಗತಿಯಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಂತೆ: ಶಿಕ್ಷಕಿಯಾದವಳು ಚಿತ್ರವನ್ನಾಗಲಿ ವಸ್ತುವನ್ನಾಗಲಿ ತೋರಿಸಿ ಕೇಳಬೇಕೇ ಹೊರತು ಹೇಳಬಾರದು. ಸರಿ ಎನ್ನಬಾರದು, ತಪ್ಪು ಎನ್ನಬಾರದು. ಮನೆಗೆಲಸವೆಂದು ಇದನ್ನು ಯಾರ ಮೇಲಾದರೂ ಅಭ್ಯಾಸ ಮಾಡಬೇಕಂತೆ. ಯಾರ ಮೇಲೆ? ಭಾನುವಾರ ನೆಮ್ಮದಿಯಾಗಿ ಪತ್ರಿಕೆ ಓದುತ್ತಿದ್ದ ನನ್ನ ಮೇಲೆ! ಗೋಡೆಯಲ್ಲಿದ್ದ ಗೊಬ್ಬರದ ಅಂಗಡಿಯ ಕ್ಯಾಲೆಂಡರಿನ ಮುಂದೆ ನನ್ನನ್ನು ನಿಲ್ಲಿಸಿದಳು.

“ಏನ್ ಕಾಣ್ತದೆ ಭಾವ?”

“ಕ್ಯಾಲೆಂಡರು.”

“ಇನ್ನೇನ್ ಕಾಣ್ತದೆ?”

“ತಾರೀಕು.”

“ತಾರೀಕು ಅಂತ ಯಾಕನ್ನಿಸ್ತು?”

ಓದುಗರೇ, ನೀವೇ ಹೇಳಿ. ತಾರೀಕನ್ನು ನೋಡಿ ತಾರೀಕು ಎಂದು ಯಾಕನ್ನಿಸಿತು ಎಂದರೆ ಮಾನವಂತನಾದವನು ಏನು ಉತ್ತರ ಕೊಡಬೇಕು? ನಾನು ಪತ್ರಿಕೆಯನ್ನು ಮುಖಕ್ಕೆ ಹಿಡಿದು ಕುಳಿತೆ. ಆಕೆ ಬಾಗಿ ಪತ್ರಿಕೆಯ ಹಿಂಬದಿಯ ಜಾಹೀರಾತನ್ನು ದಿಟ್ಟಿಸತೊಡಗಿದಳು. ಆ ದಿನ ನಾನು ಒಳಪುಟಗಳನ್ನು ಓದಲೇ ಇಲ್ಲ.

ಊಟಕ್ಕೆ ಕುಳಿತಾಗಲೂ ಬಿಡಲಿಲ್ಲ. ಎಲೆಯಲ್ಲಿ ಮುದ್ದೆ, ಬಟ್ಟಲಲ್ಲಿ ಉಪ್ಪೆಸರು. ಸೊಪ್ಪು ಬೇಯಿಸಿ ಬಸಿದ ಆ ತಿಳಿಸಾರು ನನಗೆ ಪ್ರಾಣ. ಬಿಸಿಯಾಗಿರುವಾಗ ಉಣ್ಣಬೇಕು. ಆದರೆ ಬಟ್ಟಲನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಆಕೆ ತನ್ನಕ್ಕನನ್ನು ಕೇಳಿದಳು, “ಅಕ್ಕಯ್ಯ, ಇದ್ರಲ್ಲಿ ಏನ್ ಕಾಣ್ತದೆ?”

ನನ್ನ ಹೆಂಡತಿ ಸೌಟನ್ನು ಕೆಳಗಿಟ್ಟು, ಕೊಂಚ ಯೋಚಿಸಿ, “ಮಳೆ ನಿಂತ ಮಾರನೇ ದಿನದ ಕೆರೆ ಕಂಡಂಗಾಯ್ತದೆ ಕಣಮ್ಮಿ. ತಳ ಕಾಣಲ್ಲ, ಆದ್ರೂ ತಿಳಿಯಾಗದೆ,” ಎಂದಳು.

ಮುದ್ದೆ ಮುರಿಯುತ್ತಿದ್ದ ನನ್ನ ಕೈ ನಿಂತಿತು. ಇಷ್ಟು ವರ್ಷ ನನ್ನೊಡನೆ ಸಂಸಾರ ಮಾಡಿದವಳು ಉಪ್ಪು ಸಾಕೇ, ಖಾರ ಸಾಕೇ ಎಂಬುದರ ಹೊರತು ಸಾರಿನ ಬಗ್ಗೆ ಬೇರೊಂದು ಮಾತನ್ನು ನನ್ನೆದುರು ಆಡಿರಲಿಲ್ಲ. ಕೆರೆಯನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದಳು? ಇನ್ನೂ ಏನೇನು ಬಚ್ಚಿಟ್ಟುಕೊಂಡಿದ್ದಾಳೆ? ಅಂದಿನಿಂದ ನನ್ನ ಹೆಂಡತಿಯೂ ಅನುಮಾನಕ್ಕೆ ಪಾತ್ರರಾದವರ ಸಾಲಿಗೆ ಸೇರಿದಳು. ಮುದ್ದೆಯಂತೂ ಆರಿ ಕಲ್ಲಾಗಿತ್ತು.

ಮುಂದಿನ ಹಂತ ವಸ್ತುಸಂಗ್ರಹಾಲಯದ ಅಭ್ಯಾಸ. ಚಾಮರಾಜನಗರದಲ್ಲಿ ಹಳೆಯ ಕಲ್ಲುಗಳನ್ನು ಕೂಡಿಟ್ಟಿರುವ ಪುಟ್ಟ ಕಟ್ಟಡವೊಂದಿದೆ. ಅಲ್ಲಿ ಶಾಲೆಯ ಮಕ್ಕಳಿಗೆ ಪಾಠ ಮಾಡುತ್ತೇನೆಂದು ಆಕೆ ಹೇಳಿದಳು. ಕಲ್ಲಿನ ಮುಂದೆ ಕಲೆಯ ಪಾಠವೇ? ನಂಬುವ ಮಾತೇ? ಕಣ್ಣಿನ ವೈದ್ಯರನ್ನು ಕಾಣುವ ನೆಪದಲ್ಲಿ ನಾನೂ ಬಸ್ಸು ಹತ್ತಿದೆ. ಆಕೆಗೆ ಕಾಣದಂತೆ ಆ ಕಟ್ಟಡದ ಕಂಬವೊಂದರ ಹಿಂದೆ ನಿಂತೆ.

ಅಲ್ಲಿ ಕಂಡ ದೃಶ್ಯವನ್ನು ಹೇಗೆ ವರ್ಣಿಸಲಿ! ಮಧ್ಯದಲ್ಲೊಂದು ವೀರಗಲ್ಲು. ದನಗಳ್ಳರೊಡನೆ ಕಾದಾಡಿ ಮಡಿದ ಯಾವನೋ ವೀರನ ಕಲ್ಲು. ಅದರ ಮುಂದೆ ಮಕ್ಕಳೆಲ್ಲ ಕಲ್ಲಿನಲ್ಲಿದ್ದ ಭಂಗಿಗಳನ್ನೇ ತಾಳಿ ನಿಂತಿದ್ದಾರೆ, ಬಿದ್ದಿದ್ದಾರೆ, ಕತ್ತಿಯೆತ್ತಿದ್ದಾರೆ.

“ಮಿಸ್, ನಾನು ಸತ್ತೋಗಿವ್ನಿ, ಇವ್ನು ನನ್ನ ಹೊಟ್ಟೆ ಮೇಲೆ ಕಾಲಿಟ್ಟವ್ನೆ!”

“ಸತ್ತೋರು ಮಾತಾಡಬಾರ್ದು ಕಣ್ಲಾ!”

“ಮಿಸ್, ದನ ಯಾರೂ ಆಯ್ತಿಲ್ಲ!”

“ನಾನಾಯ್ತೀನಿ ಬುಡಿ,” ಎಂದು ನನ್ನ ನಾದಿನಿ, ಐವತ್ತು ದಾಟಿದ ಗೃಹಿಣಿ, ಒಳ್ಳೆಯ ಮನೆತನದ ಹೆಣ್ಣುಮಗಳು, ಸೀರೆಯ ನೆರಿಗೆ ಎತ್ತಿಕಟ್ಟಿ ನಾಲ್ಕು ಕಾಲಿನ ಮೇಲೆ ನಿಂತುಬಿಟ್ಟಳು! ಅಷ್ಟೇ ಅಲ್ಲ, ಕಲ್ಲಿನಲ್ಲಿರುವ ದನ ಯಾವ ಕಡೆಗೆ ನೋಡುತ್ತಿದೆ ಎಂದು ಮಕ್ಕಳನ್ನು ಕೇಳಿ, ಅವರು ಹೇಳಿದ ಕಡೆಗೆ ಕತ್ತು ತಿರುಗಿಸಿದಳು. ಆ ಕಡೆಯೇ ನಾನಿದ್ದ ಕಂಬ. ನಾನು ಮೈಯನ್ನು ಇನ್ನಷ್ಟು ಒಳಗೆಳೆದುಕೊಂಡೆ. ಆಗ ಹೆಗಲ ಮೇಲೆ ಒಂದು ಕೈ ಬಿದ್ದಿತು. ಕಾವಲಿನವನು.

“ಯಜಮಾನ್ರೇ, ಬಂದಾಗಿಂದ ನೋಡ್ತಾವ್ನಿ. ಒಂದು ಕಲ್ಲಿನ ಮುಖಾನೂ ನೋಡ್ನಿಲ್ಲ ನೀವು. ಆಯಮ್ಮನ್ನೇ ನೋಡ್ತಿದ್ದೀರ. ಯಾರು ನೀವು?”

“ಆಕೆ ನನ್ನ ನಾದಿನಿ ಕಣಯ್ಯ.”

“ಎಲ್ರೂ ಹಂಗೇ ಏನಾದ್ರೂ ಅಂತರೆ. ನಡೀರಿ ಈಚೆಗೆ.”

ಜೀವಮಾನವಿಡೀ ಬೇರೆಯವರ ಒತ್ತುವರಿಯನ್ನು ತೆರವು ಮಾಡಿಸಿದ ನನ್ನನ್ನು ಒಂದು ಕಂಬದ ಹಿಂದಿನಿಂದ ತೆರವು ಮಾಡಿಸಿದರು. ಇದನ್ನೂ ನಾನು ಮರೆತಿಲ್ಲ.

ಇಷ್ಟಾದರೂ ನಾನು ಸುಮ್ಮನಿದ್ದೆ. ಆದರೆ ಕೊನೆಯ ಹಂತ ಬಂದಿತು: ಊರಿನ ಜನರ ನಡುವೆ ನಡೆಸಬೇಕಾದ ಪರೀಕ್ಷೆ. ಯಾವುದಾದರೂ ಹಳ್ಳಿಯಲ್ಲಿ ಜನರನ್ನು ಸೇರಿಸಿ, ಅವರ ಮನೆಗಳಲ್ಲಿರುವ ಕಲೆಯನ್ನು ಅವರಿಂದಲೇ ತರಿಸಿ, ಒಂದು ಪ್ರದರ್ಶನ ಮಾಡಬೇಕು. ಮೈಸೂರಿನಿಂದ ಪರೀಕ್ಷಕರು ಬರುತ್ತಾರೆ. ಅವರೆದುರು ಊರಿನವರೇ ಆ ವಸ್ತುಗಳ ಬಗ್ಗೆ ಮಾತಾಡಬೇಕು. ಶಿಕ್ಷಕಿ ಬಾಯಿ ಬಿಡುವಂತಿಲ್ಲ. ಇದರಲ್ಲಿ ತೇರ್ಗಡೆಯಾದರೆ ಮಾತ್ರ ಪದವಿ. ಆಗದಿದ್ದರೆ? ಆ ತರಗತಿಗೆ ಸೇರುವವರಿಲ್ಲವೆಂದು ಅದನ್ನೇ ಆ ವರ್ಷಕ್ಕೆ ಮುಚ್ಚುತ್ತಿದ್ದರು. ಮರುಪರೀಕ್ಷೆಯ ಮಾತೇ ಇಲ್ಲ. ಬಿಟ್ಟುಬಂದ ಕೆಲಸ ಹಿಂದಿರುಗುವುದಿಲ್ಲ. ಎರಡು ವರ್ಷ ಬಸ್ಸಿನಲ್ಲಿ ನಿಂತು ಮೈಸೂರಿಗೆ ಹೋಗಿ ಬಂದದ್ದೆಲ್ಲ ನೀರುಪಾಲು. ಇದನ್ನು ಹೇಳುವಾಗ ಮೊದಲ ಬಾರಿಗೆ ಆಕೆ ನಗಲಿಲ್ಲ.

“ಏನೇನು ತರಿಸ್ತೀಯ?” ಎಂದು ಕೇಳಿದೆ.

“ರಂಗೋಲಿ, ಕಸೂತಿ, ಬಿದಿರ ಬುಟ್ಟಿ. ಹಂಗಂತಲೇ ಬರ್ಕೊಟ್ಟು ಒಪ್ಪಿಸಿವ್ನಿ. ತೆರಕಣಾಂಬೀಲಿ ಒಂದು ಸ್ಕೂಲ್ನೋರು ರೂಮ್ ಕೊಟ್ಟವ್ರೆ.”

ಮೈಕು ಕಟ್ಟಿದ ಆಟೋ ಒಂದು ತೆರಕಣಾಂಬಿಯ ಬೀದಿಬೀದಿಯಲ್ಲಿ ಸಾರಿತು: “ನಿಮ್ಮ ನಿಮ್ಮ ಮನೆಯ ಕಲೆಯನ್ನು ತನ್ನಿ, ಎಲ್ಲರೂ ಸೇರಿ ನೋಡೋಣ. ಉಚಿತ ಶಿಬಿರ.” ವಾಕ್ಯದಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ. ತಪ್ಪಿದ್ದದ್ದು ಕನ್ನಡ ಭಾಷೆಯಲ್ಲಿ. ಚಿತ್ರ, ಶಿಲ್ಪಗಳಿಗೂ ಕಲೆ ಎನ್ನುತ್ತೇವೆ. ಬಟ್ಟೆಗೆ ಹತ್ತಿದ್ದಕ್ಕೂ, ಮೈಮೇಲೆ ಮೂಡಿದ್ದಕ್ಕೂ ಕಲೆ ಎನ್ನುತ್ತೇವೆ. ಸಾಲದೆಂಬಂತೆ ಹಿಂದಿನ ವಾರವಷ್ಟೇ ಅದೇ ಆಟೋ, ಅದೇ ದನಿಯಲ್ಲಿ, ಉಚಿತ ಕಣ್ಣಿನ ತಪಾಸಣೆ ಎಂದು ಸಾರಿತ್ತು. ಜನ ಏನೆಂದುಕೊಳ್ಳಬೇಕು?

ಬಂದರು! ಶಾಲೆಯ ಅಂಗಳ ತುಂಬುವಂತೆ ಬಂದರು! ಮೇಲ್ವಿಚಾರಣೆಗೆಂದು ಹೋಗಿದ್ದ ನಾನು ಕಣ್ಣಾರೆ ಕಂಡೆ. ಅರಿಸಿನ ಬೇಯಿಸುವಾಗ ಹಳದಿಯಾದ ಸೀರೆ ಹಿಡಿದು ಒಬ್ಬಳು, ಬಾಳೆಗೊನೆ ಹೊತ್ತು ಕಂದಾದ ಟವೆಲು ಹಿಡಿದು ಒಬ್ಬ, ನೇರಳೆಹಣ್ಣು ತಿಂದ ಮಗನ ಯೂನಿಫಾರಂ ಹಿಡಿದು ಇನ್ನೊಬ್ಬಳು. ಒಬ್ಬ ಮುದುಕಿ ನೇರವಾಗಿ ಬಂದು ನಾದಿನಿಯ ಮುಂದೆ ತೋಳು ಚಾಚಿದಳು. ಮೊಣಕೈ ಬಳಿ ಬಿಳಿಯ ಮಚ್ಚೆ.

“ಡಾಕ್ಟ್ರಮ್ಮ, ಇದು ಮದ್ವೆಗೆ ಮುಂಚಿಂದ್ಲೂ ಅದೆ. ಈಗ ಓಯ್ತದಾ?”

ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ನಾದಿನಿ ಒಂದು ಗಳಿಗೆ ಬೆಪ್ಪಾಗಿ ನಿಂತಳು. ಮುಂದಿನ ಗಳಿಗೆ ಆ ಮುದುಕಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತು, ತೋಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, “ಅವ್ವ, ಇದ ನೋಡುದ್ರೆ ನಿಮಗೇನ್ ಕಾಣ್ತದೆ?” ಎಂದು ಕೇಳಿಯೇಬಿಟ್ಟಳು!

ಮುದುಕಿ ತನ್ನ ತೋಳನ್ನು ಆಗ ತಾನೇ ಕಂಡವಳಂತೆ ಬಗ್ಗಿ ನೋಡಿದಳು. “ಬೆಕ್ಕು ಸುತ್ಕಂಡು ಮಲಗ್ದಂಗದೆ ಕನವ್ವ,” ಎಂದಳು. ಸುತ್ತಲಿದ್ದವರು ಬಗ್ಗಿ ನೋಡಿ, “ಬಾಲವೂ ಅದೆ ನೋಡಿ!” ಎಂದು ಕೂಗಿದರು. ಮುದುಕಿಗೆ ನಗು ತಡೆಯಲಾಗಲಿಲ್ಲ.

ಅಲ್ಲಿಗೆ ರಂಗೋಲಿ, ಕಸೂತಿ, ಬುಟ್ಟಿಗಳ ಗತಿ ಮುಗಿಯಿತು. ಜನ ತಂದ ಕಲೆಗಳನ್ನೇ ಗೋಡೆಗೆ ತೂಗುಹಾಕುತ್ತೇನೆಂದು ಆಕೆ ಹಟ ಹಿಡಿದಳು.

“ಒಪ್ಪಿಗೆ ಪಡೆದ ನಕ್ಷೆಯಂತೆ ಕಟ್ಟದ ಮನೆಯನ್ನ ಕೆಡವ್ತಾರೆ, ಗೊತ್ತಾ?” ಎಂದೆ. “ಪರೀಕ್ಷಕರು ರಂಗೋಲಿ ನೋಡೋಕೆ ಬರ್ತಾರೆ, ನೀನು ಕೊಳೆಬಟ್ಟೆ ತೋರಿಸ್ತೀಯ. ಫೇಲಾಗ್ತೀಯ.”

“ಆದ್ರೆ ಆಯ್ತೀನಿ ಭಾವ. ಅವ್ರು ತಂದದ್ನ ವಾಪಸ್ ಕಳ್ಸಿ, ನಾನು ಬೇಕಂದದ್ನ ತರುಸುದ್ರೆ ಅದು ಪಾಠ ಅಲ್ಲ, ಅಪ್ಪಣೆ.”

ಬಾಯಲ್ಲಿ ಹೀಗೆಂದಳು. ಆದರೆ ಬರೆದೊಪ್ಪಿಸಿದ್ದರ ನಕಲನ್ನು ಚೀಲದಿಂದ ತೆಗೆದು ಮತ್ತೆ ಮತ್ತೆ ಓದುತ್ತಿದ್ದುದು ನನಗೆ ಕಂಡಿತು.

ಆ ಮೇಲಿನ ದಿನಗಳಲ್ಲಿ ನಮ್ಮ ಮನೆಯ ವಾತಾವರಣವೇ ಕೆಟ್ಟಿತು. ಅಕ್ಕತಂಗಿಯರು ಫೋನಿನಲ್ಲಿ ಪಿಸುಗುಟ್ಟುತ್ತಿದ್ದರು. ನಾನು ಕೆಮ್ಮಿದರೆ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. ಒಂದು ದಿನ ಹೆಂಡತಿ ತಂಗಿಯ ಮನೆಗೆ ಹೋಗಿ ಬಂದಾಗ ಅವಳ ಸೆರಗಿನಲ್ಲಿ ನುಸಿಗುಳಿಗೆಯ ವಾಸನೆಯಿತ್ತು. ಕೇಳಿದರೆ, “ಯಾಕ, ನುಸಿಗುಳಿಗೆ ಮುಟ್ಟಕೂ ನಿಮ್ಮ ಅಪ್ಪಣೆ ಬೇಕಾ?” ಎಂದಳು. ಪ್ರಶ್ನೆಗೆ ಪ್ರಶ್ನೆ! ಆ ವಿದ್ಯೆ ನಮ್ಮ ಮನೆಗೂ ಹರಡಿತ್ತು.

ಪರೀಕ್ಷೆಯ ದಿನ ನಾನೂ ನನ್ನ ಹೆಂಡತಿಯೂ ತೆರಕಣಾಂಬಿಗೆ ಹೋದೆವು. ಶಾಲೆಯ ಕೊಠಡಿಯಲ್ಲಿ ಸುತ್ತಲೂ ಹಗ್ಗ ಕಟ್ಟಿ ಸೀರೆ, ಟವೆಲು, ಯೂನಿಫಾರಂ, ಲುಂಗಿ, ಕೌದಿ ಎಲ್ಲವನ್ನೂ ಒಂದೊಂದು ಚೀಟಿಯೊಡನೆ ತೂಗುಹಾಕಿದ್ದರು. ಪರೀಕ್ಷಕರು ನಡುವಯಸ್ಸಿನವರು. ಮೂಗಿನ ತುದಿಯಲ್ಲಿ ಕನ್ನಡಕ, ಮುಖದಲ್ಲಿ ನಗುವಿನ ಲಕ್ಷಣವಿಲ್ಲ. ಒಂದು ಸುತ್ತು ಬಂದು, “ರಂಗೋಲಿ, ಕಸೂತಿ ಎಂದು ಓದಿದ್ದೆ. ಇದರಲ್ಲಿ ಕಲೆ ಯಾವುದು?” ಎಂದರು.

ಉತ್ತರ ಕೊಡಬೇಕಾದವರು ಊರಿನವರು. ಶಿಬಿರದ ದಿನ ಕೂಗಿ ನಕ್ಕವರು ಮೈಸೂರಿನವರನ್ನು ಕಂಡೊಡನೆ ತುಟಿ ಹೊಲಿದುಕೊಂಡರು. ಮುದುಕಿ ತೋಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಪರೀಕ್ಷಕರು ಗಡಿಯಾರ ನೋಡಿಕೊಂಡು ಕಾದರು. ನಾದಿನಿ ಮೂಲೆಯಲ್ಲಿ ನಿಂತಿದ್ದಳು, ಮಾತಾಡುವಂತಿಲ್ಲ. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

ಸರಿಯಾಗಿ ಆಗಲೇ ನಾನು ಅದನ್ನು ಕಂಡೆ. ಕಿಟಕಿಯ ಪಕ್ಕದ ಗೋಡೆಯಲ್ಲಿ ಒಂದು ಬಿಳಿಯ ಅಂಗಿ. ಜೇಬಿನಲ್ಲಿ ಪೆನ್ನಿಗೊಂದು, ಅಳತೆಯ ಪಟ್ಟಿಗೊಂದು ಎಂದು ಎರಡು ಸೀಳು. ಅಂಥ ಜೇಬನ್ನು ಗುಂಡ್ಲುಪೇಟೆಯ ದರ್ಜಿಯ ತಲೆಯ ಮೇಲೆ ಕುಳಿತು ಹೊಲಿಸಿದವನು ಪ್ರಪಂಚದಲ್ಲಿ ಒಬ್ಬನೇ. ಕೆಳಗಿನ ಚೀಟಿಯಲ್ಲಿ “ಅಂಗಿ. ಬಾಳೆಯ ಸೊನೆ” ಎಂದಿತ್ತು. ಒಡೆಯನ ಹೆಸರೂ ಇಲ್ಲ!

“ಸ್ವಾಮಿ, ಬರೆಯೋದು ನಿಲ್ಲಿಸಿ!” ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. “ನನ್ನದೊಂದು ತಕರಾರಿದೆ. ಈ ಅಂಗಿ ನನ್ನದು!”

ಎಲ್ಲರೂ ತಿರುಗಿದರು. ತಕರಾರೆಂದ ಮೇಲೆ ಆದಿಯಿಂದ ಹೇಳಬೇಕಷ್ಟೆ? ಹೇಳಿದೆ. ಮದುವೆಯಾದ ಹೊಸತು, ಅತ್ತೆಮನೆಯಲ್ಲಿ ಮೊದಲ ಹಬ್ಬ, ಮೈಮೇಲೆ ಹೊಸ ಅಂಗಿ. ಮಾವನವರ ತೋಟದಲ್ಲಿ ಬಾಳೆಗೊನೆ ಕಡಿದಿದ್ದರು. ಗಂಡಸರೆಲ್ಲ ಗೊನೆ ತುಂಬಿಕೊಂಡು ಮಂಡಿಗೆ ಹೋಗಿದ್ದಾರೆ. ಆಗ ಲಂಗ ತೊಟ್ಟ ಒಬ್ಬ ಹುಡುಗಿ ತೋಟದಲ್ಲಿ ಕಲ್ಲೊಂದನ್ನು ಮಗುಚುತ್ತಾಳೆ. ಯಾಕೆ? ಕಲ್ಲಿನ ಅಡಿ ಯಾವ ಬಣ್ಣವಿದೆಯೆಂದು ನೋಡಲು! ಕಲ್ಲಿನ ಅಡಿ ಇದ್ದದ್ದು ಚೇಳು.

“ಅಯ್ಯೋ ಶಿವನೇ!” ಎಂದಳು ಮುದುಕಿ. “ಆಮೇಕೆ?”

“ಆಮೇಲೇನು? ಎತ್ತಿಕೊಂಡು ಓಡಿದೆ. ಸುತ್ತು ದಾರಿ ಹಿಡಿದರೆ ತಡವಾಗುತ್ತೆ ಅಂತ ಕಡಿದ ಬಾಳೆಯ ನಡುವೆಯೇ ನುಗ್ಗಿದೆ. ಎದೆಗೆ ಸೊನೆ ಹತ್ತಿತು. ಆಕೆ ನೋವಿಗೆ ನನ್ನ ಹೆಗಲು ಕಚ್ಚಿದಳು, ಅದೂ ತಮ್ಮ ಗಮನದಲ್ಲಿರಲಿ. ಈರುಳ್ಳಿ ಲಾರಿಯೊಂದನ್ನ ಅಡ್ಡಹಾಕಿ ಗುಂಡ್ಲುಪೇಟೆ ಆಸ್ಪತ್ರೆಗೆ ತಂದೆ. ಉಳಿದಳು. ಉಳಿದು, ಬೆಳೆದು, ಇಕೋ, ಇಲ್ಲಿ ನಿಂತಿದ್ದಾಳೆ, ನನ್ನ ಅಂಗಿಯನ್ನ ಗೋಡೆಗೆ ಹೊಡೆದು!”

“ಆವತ್ತು ಕಲೆ ಕಂಡಿರಾಕಿಲ್ಲ ಅಲ್ವಾ ಬುದ್ಧಿ?” ಎಂದ ಟವೆಲಿನವನು. “ಬಾಳೆ ಸೊನೆ ನೀರಂಗಿರ್ತದೆ.”

“ಕಾಣಲಿಲ್ಲ. ಒಗೆದ ಮೇಲೆ ಬಂತು.”

“ಒಗ್ದ ಮೇಲೇ ಬರಾದು ಅದು! ಸೋಪಾಕುದ್ರಂತೂ ಕಪ್ಪಗಾಯ್ತದೆ,” ಎಂದಳು ಸೀರೆಯವಳು.

“ಆ ಕರೀ ಕಲೆ ನೋಡಿ ಅತ್ತೆಮನೆಯವರು ಮತ್ತೆ ಒಗೆದು ಕೊಡ್ತೀವಿ ಅಂತ ಇಸ್ಕೊಂಡರು. ಕೇಳಿದಾಗಲೆಲ್ಲ ‘ಇನ್ನೊಂದ್ಸಲ ಒಗೀಬೇಕಂತೆ’ ಎಂಬ ಉತ್ತರ ಬಾಗಿಲ ಹಿಂದಿನಿಂದ ಬರುತ್ತಿತ್ತು. ಕೊನೆಗೂ ಕೊಡಲಿಲ್ಲ. ಒಲೆಯ ಮಸಿಬಟ್ಟೆ ಮಾಡ್ಕೊಂಡ್ರು ಅಂತಲೇ ನಾನು ಇವತ್ತಿನವರೆಗೂ ತಿಳಿದಿದ್ದೆ. ನನಗೆ ನ್ಯಾಯ ಬೇಕು!”

ನ್ಯಾಯ ಕೇಳಿದರೆ ಸಿಕ್ಕಿದ್ದೇನು? ಜನ! ಟವೆಲಿನವನು ತನ್ನ ಟವೆಲನ್ನು ಕಿತ್ತುತಂದು ಮೊದಲ ಕೊಯ್ಲಿನ ಕಥೆ ಹಿಡಿದ. ಸೀರೆಯವಳು ಅರಿಸಿನದ ಕೊಪ್ಪರಿಗೆಯ ಮುಂದೆ ತನಗೆ ಹೆರಿಗೆ ನೋವು ಬಂದದ್ದನ್ನು ಹೇಳಿದಳು. ಮುದುಕಿ ಸೆರಗಿನೊಳಗಿನಿಂದ ತೋಳನ್ನು ಈಚೆಗೆ ತೆಗೆದು, ಬೆಕ್ಕಿನ ಬಾಲವನ್ನು ಪರೀಕ್ಷಕರಿಗೇ ತೋರಿಸಿದಳು. ಒಬ್ಬರ ಮಾತಿನ ಮೇಲೆ ಒಬ್ಬರು! ಪರೀಕ್ಷಕರು ಬರೆಯುವುದನ್ನು ಬಿಟ್ಟು, ಕನ್ನಡಕ ಏರಿಸಿಕೊಂಡು, ಒಂದೊಂದು ಬಟ್ಟೆಯ ಹತ್ತಿರಕ್ಕೂ ಹೋಗಿ ನೋಡತೊಡಗಿದರು. ಹೊರಡುವಾಗ ನನ್ನ ಬಳಿ ನಿಂತು, “ಯಜಮಾನರೇ, ನಿಮ್ಮ ತಕರಾರಿಗೆ ನಾನೇ ಸಾಕ್ಷಿ. ನಿಮ್ಮ ನಾದಿನಿ ತೇರ್ಗಡೆ,” ಎಂದರು.

ನನಗೆ ಆಗ ಹೊಳೆಯಿತು. ನಾನು ಸಿಡಿದೇಳುತ್ತೇನೆಂದು ಲೆಕ್ಕ ಹಾಕಿಯೇ ಅಂಗಿಯನ್ನು ಅಲ್ಲಿ ತೂಗುಹಾಕಿದ್ದಾಳೆ!

“ಬೇಕಂತಲೇ ಮಾಡ್ದೆ ನೀನು,” ಎಂದೆ.

“ನಾನೇನೂ ಹೇಳ್ನಿಲ್ವಲ್ಲ ಭಾವ!” ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಸ್ಪಷ್ಟವಾಗಲಿಲ್ಲ.

ಜನ ಚದುರಿದರು. ನನ್ನ ಸ್ವತ್ತನ್ನು ನಾನು ವಶಕ್ಕೆ ತೆಗೆದುಕೊಂಡೆ. ಮಡಿಸುವ ಮೊದಲು, ಏನೇನು ಹಾನಿಯಾಗಿದೆಯೆಂದು ಪರಿಶೀಲಿಸೋಣವೆಂದು ಕಿಟಕಿಯ ಬೆಳಕಿಗೆ ಹಿಡಿದೆ. ಕತ್ತುಪಟ್ಟಿ ದರ್ಜಿ ಕೊಟ್ಟಾಗಿನಂತೆಯೇ ಇತ್ತು. ಮೊಣಕೈಯಲ್ಲಿ ಸುಕ್ಕಿಲ್ಲ, ಗುಂಡಿಯ ದಾರ ಸಡಿಲವಾಗಿಲ್ಲ. ಯಾರೂ ತೊಟ್ಟ ಅಂಗಿಯಲ್ಲ ಅದು. ಆದರೆ ಎದೆಯ ಮೇಲೆ, ಕಲೆಯಿದ್ದಲ್ಲಿ ಮಾತ್ರ, ಬಟ್ಟೆ ಎಷ್ಟು ತೆಳುವಾಗಿತ್ತೆಂದರೆ ಆಚೆಯಿಂದ ನನ್ನ ಬೆರಳುಗಳು ಕಾಣುತ್ತಿದ್ದವು. ಕಾಫಿಯ ಚರಟದಂತೆ ಕಪ್ಪಗಿದ್ದ ಕಲೆ ನೀರುಚಹಾದ ಬಣ್ಣಕ್ಕೆ ಇಳಿದಿತ್ತು. ಬೇರೆಲ್ಲೂ ಸವೆಯದ ಅಂಗಿ ಅಲ್ಲೊಂದು ಕಡೆ ಮಾತ್ರ ಸವೆದದ್ದು ಹೇಗೆ? ಯಾರೂ ತೊಡಲಿಲ್ಲ. ಯಾರೋ ಉಜ್ಜುತ್ತಲೇ ಇದ್ದರು.

“ಯಾರು?” ಎಂದೆ.

ಹೆಂಡತಿಯೇ ಬಾಯಿಬಿಟ್ಟಳು.

“ಅವ್ವ. ಮಜ್ಜಿಗೇಲಿ ನೆನೆಹಾಕಾಳು, ನಿಂಬೆಹಣ್ಣಾಕಿ ಉಜ್ಜಾಳು, ಬ್ಯಾಸ್ಗೆ ಬಂದ್ರೆ ಬಿಸ್ಲಲ್ಲಿ ಒಣಗಾಕಾಳು. ಕಲೆ ಇರ ಅಂಗೀನ ಅಳಿಯಂದಿರ ಕೈಗೆ ಎಂಗವ್ವ ಕೊಡಾದು ಅನ್ನಾಳು. ಕಲೆ ಓದ್ಮೇಲೆ ಕೊಡನ ಅನ್ನಾಳು. ಅದು ಓಗ್ನೇ ಇಲ್ಲ. ಅವರ್ಗೆ ಮಾತ್ರ ಹೇಳ್ಬ್ಯಾಡಿ ಅಂತ ನಮ್ಮಿಬ್ರ ಕೈಲೂ ಆಣೆ ಇಸ್ಕಂಡಿದ್ಲು.”

“ಕೊನೇ ಬ್ಯಾಸ್ಗೇಲೂ ಒಗುದ್ಲು ಭಾವ,” ಎಂದಳು ನಾದಿನಿ. “ಇಂಡಕ್ಕೆ ಕೈಲಿ ಶಕ್ತಿ ಇರ್ನಿಲ್ಲ. ನಾನೇ ಇಂಡ್ಕೊಟ್ಟೆ. ಅವ್ಳು ಹೋದ್ಮೇಲೆ ಟ್ರಂಕಲ್ಲಿ ನುಸಿಗುಳಿಗೆ ಆಕಿ ಮಡಗಿದ್ದೊ.”

ಅತ್ತೆಯವರ ಮುಖವನ್ನು ನಾನು ಸರಿಯಾಗಿ ನೋಡಿದವನೇ ಅಲ್ಲ. ಅಳಿಯನೆದುರು ಬಂದು ನಿಲ್ಲುವ ವಾಡಿಕೆ ಆ ಮನೆಯಲ್ಲಿರಲಿಲ್ಲ. ಹಬ್ಬಕ್ಕೆ ಹೋದಾಗಲೆಲ್ಲ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಸೀರೆಯ ಒಂದು ಅಂಚು ಮಾತ್ರ ಕಾಣುತ್ತಿತ್ತು. ನಾನು ಅಂಗಿಯ ಮಾತೆತ್ತಿದೊಡನೆ ಆ ಅಂಚೂ ಸರಿದುಹೋಗುತ್ತಿತ್ತು. ಅದನ್ನು ಉದಾಸೀನವೆಂದು ನಾನು ತಿಳಿದಿದ್ದೆ.

ಅಂಗಿಯನ್ನು ಮಡಿಸಲಿಲ್ಲ. ತೊಟ್ಟಿದ್ದ ಅಂಗಿಯ ಮೇಲೆಯೇ ಅದನ್ನು ತೊಟ್ಟುಕೊಂಡೆ. ಹೊಟ್ಟೆಯ ಬಳಿ ಗುಂಡಿಗಳು ಸೇರಲಿಲ್ಲ. ಅಕ್ಕತಂಗಿಯರಿಬ್ಬರೂ ಏನೂ ಕೇಳಲಿಲ್ಲ. ಹಾಗೆಯೇ ಬಸ್ಸು ಹತ್ತಿ ಗುಂಡ್ಲುಪೇಟೆಯವರೆಗೂ ಬಂದೆ. ಕಂಡಕ್ಟರು ನೋಡಿದ, ಎದುರಿನ ಸೀಟಿನವರು ನೋಡಿದರು. ನೋಡಲಿ.

ಆದರೆ ತಕರಾರು ಇನ್ನೂ ಇತ್ಯರ್ಥವಾಗಿಲ್ಲ. ಗುಟ್ಟು ಕಾಪಾಡಿದ ಅಕ್ಕತಂಗಿಯರನ್ನು, ನನ್ನ ಕಡೆಯ ಹಿರಿಯರನ್ನು, ಹೆಣ್ಣು ಕೊಟ್ಟವರು ತಗ್ಗಿ ನಡೆಯಬೇಕೆಂದು ನಮ್ಮ ಸೀಮೆಯಲ್ಲಿ ಕಟ್ಟಳೆ ಮಾಡಿಟ್ಟವರೆಲ್ಲರನ್ನು ನಾನು ಕೇಳುತ್ತಿದ್ದೇನೆ. ತನ್ನ ಮಗಳನ್ನು ಎತ್ತಿಕೊಂಡು ಓಡಿದವನ ಅಂಗಿಯನ್ನು ಕಲೆಯೊಡನೆಯೇ ಅವನ ಕೈಗಿಡಲು ಅಂಜಬೇಕೆಂದು ಆ ತಾಯಿಗೆ ಕಲಿಸಿದವರು ಯಾರು?